ಕಲ್ಲಗೋನಾಳದ ಮಧ್ಯಾಹ್ನ

ಯಂತ್ರ ಹೊತ್ತನ್ನು ತಪ್ಪಾಗಿ ಹೇಳುತ್ತಿದೆ ಎಂದೇ ಡಾ. ಕಸ್ತೂರಿ ಬಾರಕೇರ ಮೊದಲು ಅಂದುಕೊಂಡಳು.

ಹುಬ್ಬಳ್ಳಿಯ ಮೂತ್ರಪಿಂಡ ಸಂಶೋಧನಾ ಕೇಂದ್ರದಲ್ಲಿ ಅವಳ ಕೆಲಸ ನಕ್ಷೆ ಬರೆಯುವುದು. ರೋಗಿಯ ಕಿಡ್ನಿಯಿಂದ ಸೂಜಿಯಲ್ಲಿ ತೆಗೆದ ಅಕ್ಕಿಕಾಳಿನಷ್ಟು ತುಣುಕನ್ನು ಕೂದಲಿಗಿಂತ ತೆಳ್ಳಗೆ ಸೀಳಿ ಗಾಜಿನ ಮೇಲಿಟ್ಟರೆ, ಲೇಸರ್ ಕಿರಣ ಅದರ ಮೇಲೆ ಚುಕ್ಕೆ ಚುಕ್ಕೆಯಾಗಿ ಸಾಗುತ್ತದೆ. ಒಂದೊಂದು ಚುಕ್ಕೆಯಿಂದ ಆವಿಯಾಗಿ ಏಳುವ ಅಣುಗಳನ್ನು ಯಂತ್ರ ತೂಗುತ್ತದೆ. ಅದು ಸಕ್ಕರೆಯೋ, ಕೊಬ್ಬೋ, ಉಪ್ಪೋ, ಕೋಶಗಳು ಉಂಡು ಉಗುಳುವ ನೂರಾರು ಪದಾರ್ಥಗಳಲ್ಲಿ ಇನ್ನಾವುದೋ ಎಂಬುದು ಆ ತೂಕದಿಂದ ತಿಳಿಯುತ್ತದೆ. ರಕ್ತಪರೀಕ್ಷೆ ಅಂದರೆ ಊರ ಹೊರಗೆ ಹರಿದು ಬಂದ ಚರಂಡಿ ನೀರು ನೋಡಿ ಊರಿನ ಸುದ್ದಿ ಹೇಳಿದ ಹಾಗೆ. ಈ ನಕ್ಷೆಯಲ್ಲಾದರೆ ಯಾವ ಓಣಿಯ ಯಾವ ಮನೆಯಲ್ಲಿ ಒಲೆ ಉರಿಯುತ್ತಿದೆ, ಯಾವುದರಲ್ಲಿ ಆರಿಹೋಗಿದೆ ಎಂಬುದೂ ಕಾಣುತ್ತಿತ್ತು.

ಕಿಡ್ನಿಗೂ ಹಗಲು ರಾತ್ರಿ ಉಂಟು. ಅದರ ಕೋಶಗಳು ಬೆಳಿಗ್ಗೆ ಮಾಡುವ ಅಡುಗೆಯೇ ಬೇರೆ, ಮಧ್ಯಾಹ್ನದ್ದೇ ಬೇರೆ. ಸಾವಿರಾರು ನಕ್ಷೆ ನೋಡಿ ಕಲಿತ ಒಂದು ಪ್ರೋಗ್ರಾಂ, ತುಣುಕು ದಿನದ ಯಾವ ಹೊತ್ತಿನಲ್ಲಿದೆ ಎಂದು ಹೇಳಬಲ್ಲದಾಗಿತ್ತು. ಮಾದರಿಗಳು ಅದಲುಬದಲಾದರೆ ಗೊತ್ತಾಗಲಿ ಎಂದು ಕಸ್ತೂರಿಯೇ ಅದನ್ನು ಯಂತ್ರಕ್ಕೆ ಜೋಡಿಸಿದ್ದಳು. ಈಗ ಅದೇ ಪ್ರೋಗ್ರಾಂ ಏಳು ಮಾದರಿಗಳ ಕೆಳಗೆ ಒಂದೇ ಮಾತು ಬರೆದಿತ್ತು: ನಡುಮಧ್ಯಾಹ್ನ, ತೀವ್ರ ನೀರಡಿಕೆ. ಏಳನ್ನೂ ತೆಗೆದದ್ದು ಬೆಳಗಿನ ತಂಪು ಹೊತ್ತಿನಲ್ಲಿ, ರೋಗಿಗಳಿಗೆ ಹೊಟ್ಟೆತುಂಬ ನೀರು ಕುಡಿಸಿದ ಮೇಲೆ.

"ಲೆನ್ಸ್ ಹೊಲಸಾಗಿರಬೇಕು. ತೊಳದು ಇನ್ನೊಮ್ಮೆ ಓಡಸ್ರಿ," ಎಂದರು ಕೇಂದ್ರದ ಹಿರಿಯ ವೈದ್ಯ ಡಾ. ಸವದಿ.

ತೊಳೆದು ಓಡಿಸಿದಳು. ನಡುಮಧ್ಯಾಹ್ನವೇ ಬಂತು. ಬೇರೆ ಊರಿನ ರೋಗಿಗಳ ತುಣುಕಿಟ್ಟು ನೋಡಿದಳು. ಅವೆಲ್ಲ ಬೆಳಗನ್ನೇ ಹೇಳಿದವು. ಈ ಏಳು ಮಂದಿ ಮಾತ್ರ ಒಂದೇ ಊರಿನವರು. ಇಳಕಲ್ಲಿನ ಆಚೆ ಕೆಂಪು ಗ್ರಾನೈಟ್ ತೆಗೆಯುವ ಕಲ್ಲಗೋನಾಳದವರು. ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡ ಇಲ್ಲ, ಆದರೂ ವರ್ಷ ವರ್ಷಕ್ಕೆ ಕಿಡ್ನಿ ಗಟ್ಟಿಯಾಗುತ್ತ ಬಂದಿದೆ.

ಆಗ ಅವಳು ಜೀವಂತ ತುಣುಕುಗಳನ್ನು ತರಿಸಿದಳು. ಬಯಾಪ್ಸಿಯಲ್ಲಿ ಉಳಿದ ಚೂರುಗಳನ್ನು ಪೋಷಕ ದ್ರವದಲ್ಲಿ ಕೆಲವು ವಾರ ಬದುಕಿಸಿಡುವ ತಟ್ಟೆಗಳು ಕೇಂದ್ರದಲ್ಲಿದ್ದವು. ದಿನವೂ ಚೂರಿನ ಅಂಚಿನಿಂದ ಒಂದು ಪದರ ತೆಗೆದು ನಕ್ಷೆ ಮಾಡಿದಳು. ಬೇರೆ ಊರುಗಳ ಚೂರುಗಳು ಮೈಯಿಂದ ಹೊರಬಂದ ಮೇಲೂ ಹಗಲು ರಾತ್ರಿ ನಡೆಸಿದವು. ಅವುಗಳ ನಕ್ಷೆಯಲ್ಲಿ ಸಂಜೆಯಾಗುತ್ತಿತ್ತು, ಬೆಳಗಾಗುತ್ತಿತ್ತು. ಕಲ್ಲಗೋನಾಳದ ಚೂರುಗಳಲ್ಲಿ ಏನೂ ಆಗಲಿಲ್ಲ. ಸುತ್ತ ತಣ್ಣನೆಯ ದ್ರವ, ಬೇಕಾದಷ್ಟು ನೀರು. ಆದರೂ ಒಳಗಿನ ಕೋಶಗಳು ನೆತ್ತಿ ಸುಡುವ ಬಿಸಿಲಿನಲ್ಲಿ, ಹನಿ ನೀರಿಲ್ಲದೆ ನಿಂತಿದ್ದವು. ಏಳು ಜನರ ಏಳು ತಟ್ಟೆಗಳಲ್ಲೂ ಅದೇ ಬಿಸಿಲು.

ಅಂದು ಸಂಜೆ ವಿದ್ಯಾನಗರದ ಮನೆಯಲ್ಲಿ ಕಸ್ತೂರಿ ಎದ್ದು ಕಿಟಕಿಯ ಪರದೆ ಎಳೆದಳು. ಹೆಸರುಕಾಳು ಆರಿಸುತ್ತ ಕೂತಿದ್ದ ತಾಯಿ ತಲೆಯೆತ್ತಿದರು.

"ಯಾಕ ಮುಚ್ಚತೀ?"

"ಬಿಸಲ ಬರಾಕತ್ತೇತಲ್ಲವ್ವಾ."

ತಾಯಿ ಮಗಳ ಮುಖವನ್ನೇ ನೋಡಿದರು. ಹೊರಗೆ ಮೋಡ ಕವಿದು ಜಿಟಿಜಿಟಿ ಮಳೆ ಬೀಳುತ್ತಿತ್ತು. ಕಸ್ತೂರಿ ಪರದೆ ಸರಿಸಿ, ಅಡುಗೆಮನೆಗೆ ಹೋಗಿ ಒಂದು ತಂಬಿಗೆ ನೀರನ್ನು ನಿಂತಲ್ಲೇ ಕುಡಿದಳು. ಆ ವಾರವೇ ಕಲ್ಲಗೋನಾಳಕ್ಕೆ ಹೊರಟಳು.

ಅವಳ ಜೀಪು ಊರು ಮುಟ್ಟಿದಾಗ ಸೂರ್ಯ ಮುಳುಗಿ ಪಡುವಣದಲ್ಲಿ ಬರಿಯ ಕೆಂಪು ಉಳಿದಿತ್ತು. ವಡ್ಡರ ಓಣಿಯಲ್ಲಿ ಜನ ಓಡಾಡುತ್ತಿದ್ದರು. ಕೆಲವರು ಮಾತ್ರ ಗೋಡೆಗೆ ಮೈ ಒತ್ತಿಕೊಂಡು, ಒಂದು ಮೊಳ ಅಗಲದ ಜಾಗದಲ್ಲಿ ಸಾಲಾಗಿ ಸಾಗುತ್ತಿರುವುದನ್ನು ಅವಳು ನೋಡಿದಳು. ನಡುಮಧ್ಯಾಹ್ನ ಗೋಡೆಯ ಬುಡದಲ್ಲಿ ಬೀಳುವ ನೆರಳು ಅಷ್ಟೇ ಅಗಲವಿರುತ್ತದೆ. ಈಗ ಅಲ್ಲಿ ನೆರಳೂ ಇರಲಿಲ್ಲ, ಬಿಸಿಲೂ ಇರಲಿಲ್ಲ.

ಏಳು ಮಂದಿಯಲ್ಲಿ ಹೆಚ್ಚು ಕಾಯಿಲೆಯಾಗಿದ್ದವಳು ಹುಲಿಗೆವ್ವ. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಬಸ್ಸು ಹತ್ತುವ, ನಲವತ್ತೂ ತುಂಬದ ಹೆಂಗಸು. ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಹತ್ತು ಹನ್ನೊಂದು ವರ್ಷದ ಮಗಳು ಐಶು ಚಾಪೆ ಹಾಸಿ, ಬಂದವರಿಗೆ ನೀರು ಕೊಟ್ಟು, ತಾಯಿಯ ಬೆನ್ನ ಹಿಂದೆ ಕೂತಳು. ಅಂಗಳದಲ್ಲಿ ಗಾಳಿ ತಂಪಾಗಿ ಬೀಸುತ್ತಿದ್ದರೂ ಹುಲಿಗೆವ್ವ ಒದ್ದೆ ಬಟ್ಟೆಯನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದಳು.

"ಹೊರಗ ಕುಂಡ್ರೂಣೇನವ್ವಾ, ಗಾಳಿ ಬರತೈತಿ," ಎಂದಳು ಕಸ್ತೂರಿ.

"ಬಿಸಲ ಇಳೀಲಿ ತಡೀರಿ ಅಕ್ಕಾರ," ಎಂದಳು ಹುಲಿಗೆವ್ವ. ಹೇಳಿದ ಮೇಲೆ ತಾನೇ ಕತ್ತಲಾಗುತ್ತಿದ್ದ ಅಂಗಳದತ್ತ ನೋಡಿ ನಕ್ಕಳು. "ಕಣ್ಣಿಗೆ ಕತ್ತಲಾಗಿದ್ದು ಕಾಣತೈತ್ರಿ. ಮೈಗಿ ತಿಳ್ಯಾಂಗಿಲ್ಲ. ನಮಗ ಬಿಸಲ ಇಳ್ಯಾಂಗಿಲ್ರಿ."

"ಯಾವತ್ತಿಂದ?"

ಹುಲಿಗೆವ್ವ ಹೇಳಿದಳು. ಐಶು ಹೊಟ್ಟೆಯಲ್ಲಿದ್ದಾಗಿನ ಮಾತು. ಬೇಸಿಗೆಯ ಒಂದು ಹಗಲು ತಾನೂ ಗಂಡನೂ ಸೇರಿ ಎಂಟು ಮಂದಿ ಕಲ್ಲಿನ ಕ್ವಾರಿಯ ತಳದಲ್ಲಿದ್ದಾಗ ಮೇಲಿಂದ ಬಂಡೆ ಕುಸಿದು ಇಳಿಯುವ ದಾರಿ ಮುಚ್ಚಿಹೋಯಿತು. ನೀರಿನ ಪೀಪಾಯಿ ಬಂಡೆಯ ಅಡಿಗೆ ಸಿಕ್ಕಿತು. ಸುತ್ತ ಬಾವಿಯಂಥ ಕಲ್ಲಿನ ಗೋಡೆ. ನಡುನೆತ್ತಿಯ ಬಿಸಿಲಿಗೆ ಎಲ್ಲೂ ಒಂದು ಮೊಳಕ್ಕಿಂತ ಹೆಚ್ಚು ನೆರಳಿಲ್ಲ. ಮೇಲಿನಿಂದ ಕ್ರೇನು ಬಂದು ಹಗ್ಗ ಇಳಿಬಿಡುವಾಗ ದೀಪ ಹಚ್ಚುವ ಹೊತ್ತಾಗಿತ್ತು.

"ನನ್ನ ಗಂಡನ ಕಡೆ ಒಂದ ಕ್ಯಾನಿನ್ಯಾಗ ಸ್ವಲ್ಪ ನೀರಿತ್ರಿ. ಎಲ್ಲಾರಿಗೂ ಒಂದೊಂದ ಗುಟುಕ ಕುಡಿಸಿದ. 'ತಡಕೋರಿ, ಇನ್ನ ನೀರ ಬರತೈತಿ' ಅಂದ. ತಾ ಮಾತ್ರ ಕುಡೀಲಿಲ್ಲ. ದಾರಿ ಬಿಡಸ್ತೀನಿ ಅಂತ ಕಲ್ಲ ಎತ್ತಕೋತನ ಇದ್ದ. ಹೊತ್ತ ಮುಳಗಿದ ಮ್ಯಾಲ ಅವನ್ನ ಹೊರಗ ತಂದ್ರು." ಅಷ್ಟು ಹೇಳಿ ಹುಲಿಗೆವ್ವ ಸೆರಗಿನಿಂದ ಹಣೆಯ ಬೆವರು ಒರೆಸಿಕೊಂಡಳು.

ಸತ್ತವನು ಅವಳ ಗಂಡ ಯಂಕೋಬ ಒಬ್ಬನೇ. ಬದುಕಿ ಬಂದವರೇ ಈ ಏಳು ಮಂದಿ.

ಹುಬ್ಬಳ್ಳಿಗೆ ಮರಳಿದ ಕಸ್ತೂರಿಗೆ ಎಂಟನೆಯ ಕಿಡ್ನಿಯ ಯೋಚನೆ ಹತ್ತಿತು. ಶವಪರೀಕ್ಷೆಯಲ್ಲಿ ತೆಗೆದ ಅಂಗದ ತುಣುಕುಗಳನ್ನು ಮೇಣದ ಗಟ್ಟಿಯಲ್ಲಿ ಹುದುಗಿಸಿಡುವ ರೂಢಿಯಿದೆ. ಹುಲಿಗೆವ್ವನ ಒಪ್ಪಿಗೆ ಪಡೆದು, ಶವಪರೀಕ್ಷೆ ನಡೆದ ಆಸ್ಪತ್ರೆಗೆ ಡಾ. ಸವದಿಯವರು ಬರೆದು ಕೇಳಿದ ಮೇಲೆ, ಯಂಕೋಬನ ಕಿಡ್ನಿಯ ಮೇಣದ ಗಟ್ಟಿ ಪೆಟ್ಟಿಗೆಯಲ್ಲಿ ಬಂತು. ಕಸ್ತೂರಿ ಪದರ ಸೀಳಿ ಯಂತ್ರಕ್ಕಿಟ್ಟಳು. ಪರದೆಯ ಮೇಲೆ ನಕ್ಷೆ ಸಾಲು ಸಾಲಾಗಿ ಮೂಡಿ ಬಂತು. ಕೆಳಗೆ ಅಕ್ಷರ ಬಿತ್ತು: ಸೂರ್ಯಾಸ್ತ.

ಹಿಂದೆ ನಿಂತಿದ್ದ ಡಾ. ಸವದಿ ಬಗ್ಗಿ ಆ ಅಕ್ಷರವನ್ನು ಇನ್ನೊಮ್ಮೆ ಓದಿದರು.

"ಅಂದ್ರ, ಸಂಜಿ ಕಂಡಾಂವ ಇವನೊಬ್ಬನ," ಎಂದರು.

"ಹೌದ್ರಿ ಸರ್. ಬದುಕಿದವರ್ಯಾರೂ ಆ ಮಧ್ಯಾಹ್ನ ದಾಟಿಲ್ಲ."

ಇಬ್ಬರೂ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ದಿನಗಟ್ಟಲೆ ಚರ್ಚಿಸಿದರು. ಕೊನೆಗೆ ಕಂಡದ್ದು ಇದು. ನೀರಿಲ್ಲದ ಬಿಸಿಲಿನಲ್ಲಿ ಎಂಟು ಮಂದಿಯ ಕಿಡ್ನಿಗಳೂ ಸೋಲುತ್ತ ಬಂದಿದ್ದವು. ಅಷ್ಟರಲ್ಲಿ ಏಳು ಜನರ ಮೈಯೊಳಗೆ ಒಂದು ಗುಟುಕು ನೀರು ಹೋಯಿತು. ಕೋಶಗಳು ಅದನ್ನು ಮಾತು ಕೊಟ್ಟಂತೆ ತಿಳಿದವು. ಇನ್ನು ನೀರು ಬರುತ್ತದೆ, ಅಲ್ಲಿಯವರೆಗೆ ಕೆಲಸ ನಿಲ್ಲಿಸಿ ಕಾಯಬೇಕು ಎಂದು ಬಾಗಿಲು ಹಾಕಿಕೊಂಡವು. ಹಾಗೆ ನಿಂತದ್ದರಿಂದಲೇ ಆ ಏಳು ಜನ ಬದುಕಿದರು. ಗುಟುಕು ಸಿಗದ ಯಂಕೋಬನ ಕಿಡ್ನಿ ನಿಲ್ಲಲಿಲ್ಲ. ಸಂಜೆಯವರೆಗೂ ದುಡಿದು ಸತ್ತಿತು. ಉಳಿದವರು ಆಮೇಲೆ ಎಷ್ಟು ಕೊಡ ನೀರು ಕುಡಿದರೂ ಬಾಗಿಲು ಹಾಕಿಕೊಂಡ ಕೋಶಗಳಿಗೆ ಅದರ ಸುದ್ದಿ ಮುಟ್ಟಲಿಲ್ಲ. ಇಷ್ಟು ವರ್ಷವೂ ಅವು ಕಾಯುತ್ತಲೇ ಇದ್ದವು. ಕಾಯ್ದು ಕಾಯ್ದು ಒಂದೊಂದೇ ಕಲ್ಲಾಗುತ್ತಿದ್ದವು.

ಆ ಬಾಗಿಲು ತೆರೆಯುವ ಔಷಧ ಮಾಡುವುದಕ್ಕೆ ವರ್ಷದ ಮೇಲೆ ಹಿಡಿಯಿತು. ಮೊದಲ ಸಲ ತಟ್ಟೆಯ ಚೂರಿಗೆ ಹಾಕಿದಾಗ ಕೋಶಗಳು ಮಧ್ಯಾಹ್ನ ದಾಟಿ ಮುಂದೆ ಹೋದವು, ಸೂರ್ಯಾಸ್ತ ಮುಟ್ಟಿದವು, ಅಲ್ಲೇ ಸತ್ತವು. ಯಂಕೋಬನ ದಾರಿಯನ್ನೇ ಹಿಡಿದಿದ್ದವು. ಎರಡನೆಯ ಚೂರಿಗೆ ಕಸ್ತೂರಿ ಔಷಧವನ್ನು ಹನಿ ಹನಿಯಾಗಿ ಕೊಟ್ಟು, ಹನಿಗೊಮ್ಮೆ ಉಪ್ಪು ಬೆರೆಸಿದ ನೀರನ್ನು ಬಿಡುತ್ತ ಬಂದಳು. ಆ ಚೂರಿನಲ್ಲಿ ಸಂಜೆಯಾಯಿತು, ಕತ್ತಲಾಯಿತು, ಎಷ್ಟೋ ವರ್ಷದ ಮೇಲೆ ಬೆಳಗೂ ಆಯಿತು. ಆ ಹೊತ್ತಿಗೆ ಏಳು ಮಂದಿಯಲ್ಲಿ ಇಬ್ಬರು ತೀರಿಕೊಂಡಿದ್ದರು. ಅವರು ಕೊನೆಯುಸಿರೆಳೆದದ್ದು ಮಳೆಗಾಲದಲ್ಲಿ, ಇಬ್ಬರೂ ನೆತ್ತಿಯ ಮೇಲೆ ಕೈ ಅಡ್ಡ ಹಿಡಿದುಕೊಂಡು.

ಮೊದಲು ಔಷಧ ತೆಗೆದುಕೊಳ್ಳಬೇಕಾದವಳು ಹುಲಿಗೆವ್ವ. ಅವಳು ಒಪ್ಪಲಿಲ್ಲ.

"ಸಾಯೂ ಅಂಜಿಕೇನವ್ವಾ?" ಎಂದು ಕಸ್ತೂರಿ ಕೇಳಿದಳು. ಇಬ್ಬರೂ ಡಯಾಲಿಸಿಸ್ ವಾರ್ಡಿನಲ್ಲಿದ್ದರು. ಯಂತ್ರದ ಕೊಳವೆಗಳಲ್ಲಿ ರಕ್ತ ಸುತ್ತುತ್ತಿತ್ತು.

"ಅದಲ್ರಿ." ಹುಲಿಗೆವ್ವ ಕಣ್ಣು ಮುಚ್ಚಿದಳು. "ಮಧ್ಯಾನದಾಗ ಅವ ಅದಾನ್ರಿ ಅಕ್ಕಾರ. ನಾ ಕಣ್ಣ ಮುಚ್ಚಿದ್ರ ಬಗಲಾಗ ಕಲ್ಲ ಎತ್ತೂ ಸಪ್ಪಳ ಕೇಳತೈತಿ. ಉಸರ ಬಿಡೂದ ಕೇಳತೈತಿ. ಇಷ್ಟ ವರ್ಷ ಅದರ ಕೂಡ ಸಂಸಾರ ಮಾಡೇನಿ. ನೀವು ಸಂಜಿ ಮಾಡ್ತೀನಿ ಅಂತೀರಿ. ಸಂಜಿ ಆದ್ರ ಅವ ಸಾಯ್ತಾನ್ರಿ."

ತಟ್ಟೆಯ ಮೇಲಿನ ಚೂರುಗಳಿಗೆ ಯಾರನ್ನೂ ಬಿಟ್ಟುಕೊಡಬೇಕಾಗಿರಲಿಲ್ಲ.

ಹುಲಿಗೆವ್ವನ ಮನಸ್ಸು ತಿರುಗಿದ್ದು ಐಶುವಿನಿಂದ. ಹುಡುಗಿಗೆ ಕಾಲು ಬಾತಿದೆ ಎಂದು ಪರೀಕ್ಷೆ ಮಾಡಿಸಿದರು. ಆಮೇಲೆ ಬಯಾಪ್ಸಿಯೂ ಆಯಿತು. ನಕ್ಷೆ ಮೂಡುವಾಗ ಕಸ್ತೂರಿ ಪರದೆಯ ಮುಂದೆ ನಿಂತೇ ಇದ್ದಳು. ಮೊದಲ ಸಾಲುಗಳಲ್ಲೇ ಗೊತ್ತಾಯಿತು. ಆ ಬಿಸಿಲಿನ ದಿನದ ನಂತರ ಹುಟ್ಟಿದ ಮಗುವಿನ ಕಿಡ್ನಿಯೊಳಗೂ, ನಡುನಡುವೆ ಚುಕ್ಕಿ ಚುಕ್ಕಿಯಾಗಿ, ಅದೇ ಮಧ್ಯಾಹ್ನ. ತಾಯಿ ಕುಡಿದ ಗುಟುಕು ಅಲ್ಲಿಗೂ ಹೋಗಿತ್ತು.

ವಿಷಯ ಹೇಳಿದಾಗ ಹುಲಿಗೆವ್ವ ಅಳಲಿಲ್ಲ. ಮಗಳನ್ನು ಹತ್ತಿರ ಕರೆದು ಅವಳ ನೆತ್ತಿಯನ್ನು ಅಂಗೈಯಲ್ಲಿ ಮುಟ್ಟಿ ನೋಡಿದಳು.

"ಸುಡತೈತೇನಬೇ ನಿನಗ?"

"ಯಾವಾಗ್ಲೂ ಸುಡತೈತಲ್ಲಬೇ," ಎಂದಳು ಐಶು. "ಎಲ್ಲಾರಿಗೂ ಹಂಗ ಇರತೈತಿ ಅಂದಕೊಂಡಿದ್ದೆ."

ಹುಲಿಗೆವ್ವ ಕಸ್ತೂರಿಯ ಕಡೆ ತಿರುಗಿದಳು. "ಮೊದಲ ನನಗ ಕೊಡ್ರಿ. ನಾ ದಾಟಿದ್ರ ಅಕಿಗಿ ಕೊಡ್ರಿ. ದಾಟಲಿಲ್ಲಂದ್ರ ಅಕಿಗಿ ಬ್ಯಾಡ."

ಚಿಕಿತ್ಸೆಯ ದಿನ ಬೆಳಿಗ್ಗೆಯೇ ಹುಲಿಗೆವ್ವನನ್ನು ಹೊಸ ಕೋಣೆಗೆ ಕರೆತಂದರು. ಮೈ ಸೀಳದೆ, ಮಲಗಿದವರ ಕಿಡ್ನಿಯ ನಕ್ಷೆಯನ್ನು ಆಗಿಂದಾಗಲೇ ತೋರಿಸುವ ಉಂಗುರದಂಥ ಯಂತ್ರ ಆ ವರ್ಷವಷ್ಟೇ ಕೇಂದ್ರಕ್ಕೆ ಬಂದಿತ್ತು. ಗಾಜಿನ ಆಚೆ ಡಾ. ಸವದಿ ಪರದೆ ನೋಡುತ್ತ ಕೂತರು. ಕಸ್ತೂರಿ ಮಂಚದ ಪಕ್ಕ, ನರಕ್ಕೆ ಹನಿ ಬಿಡುವ ಕೊಳವೆಯ ತಿರುಪಿನ ಮೇಲೆ ಬೆರಳಿಟ್ಟು ಕೂತಳು.

ಔಷಧ ಒಳಗೆ ಇಳಿಯುತ್ತಿದ್ದಂತೆ ಹುಲಿಗೆವ್ವನ ತುಟಿ ಒಣಗಿ ಬಿರಿಯಿತು. ತಣ್ಣನೆಯ ಕೋಣೆಯಲ್ಲಿ ಅವಳ ಮೈಯಿಂದ ಕಾದ ಕಲ್ಲಿನ ವಾಸನೆ ಬಂತು. ಇದು ತನ್ನ ಭ್ರಮೆ ಎಂದುಕೊಂಡ ಕಸ್ತೂರಿ ನರ್ಸಿನತ್ತ ನೋಡಿದರೆ ಅವಳೂ ಮೂಗಿಗೆ ಕೈ ಇಟ್ಟುಕೊಂಡಿದ್ದಳು.

"ಹೊತ್ತು ಸರೀಲಿಕ್ಕೆ ಹತ್ತೇತಿ," ಎಂದು ಮೈಕಿನಲ್ಲಿ ಸವದಿಯವರ ದನಿ ಕೇಳಿತು. "ನೀರು ಬಿಡ್ರಿ. ಸಾವಕಾಶ."

"ನೀರ ಬರಾಕತ್ತೇತವ್ವಾ," ಎಂದು ಕಸ್ತೂರಿ ಅವಳ ಕಿವಿಯ ಹತ್ತಿರ ಹೇಳಿದಳು. "ಈ ಸಲ ನೀರೈತಿ."

"ನೆರಳ ಬೆಳೀತು," ಎಂದಳು ಹುಲಿಗೆವ್ವ ಕಣ್ಣು ಮುಚ್ಚಿಕೊಂಡೇ. "ಈ ಗೋಡಿಯಿಂದ ಆ ಗೋಡಿತನಾ ಬಂತು." ಸ್ವಲ್ಪ ಹೊತ್ತಿನ ಮೇಲೆ ಅವಳ ಕೈ ಗಾಳಿಯಲ್ಲಿ ಯಾರನ್ನೋ ತಡವಿತು. "ಸಾಕ್ ಬಿಡೋ. ಕಲ್ಲ ಬಿಡು. ಬಾ, ಇಲ್ಲಿ ಕುಂಡ್ರ ಬಾ."

ಪರದೆಯಲ್ಲಿ ಬಣ್ಣಗಳು ಅಂಚಿನಿಂದ ಒಳಕ್ಕೆ ಬದಲಾಗುತ್ತ ಬಂದವು. ಸೂರ್ಯಾಸ್ತ ಹತ್ತಿರವಾದಾಗ ಅವಳ ನಾಡಿ ಕುಸಿಯಿತು. ಸವದಿಯವರು ಎದ್ದು ನಿಂತರು. ಕಸ್ತೂರಿ ನೀರಿನ ತಿರುಪನ್ನು ಇನ್ನೊಂದು ಸುತ್ತು ಸಡಿಲಿಸಿದಳು. ಹುಲಿಗೆವ್ವನ ಗಂಟಲಿನಿಂದ ಉದ್ದವಾದ ಒಂದು ಉಸಿರು ಹೊರಟಿತು. ಅದಕ್ಕೆ ಉತ್ತರವಾಗಿ ಎಂಬಂತೆ, ಅದೇ ಮಂಚದಿಂದ ಮತ್ತೊಂದು ಉಸಿರು, ಗಂಡಸಿನದು, ದಣಿದದ್ದು, ಕೇಳಿ ನಿಂತುಹೋಯಿತು. ಕೋಣೆಯಲ್ಲಿದ್ದವರು ಯಾರೂ ಆಮೇಲೆ ಅದರ ಮಾತೆತ್ತಲಿಲ್ಲ.

"ದಾಟಿತು," ಎಂದರು ಸವದಿ.

ಮರುದಿನ ಹುಲಿಗೆವ್ವ ಕಣ್ಣು ಬಿಟ್ಟಾಗ ಅವಳ ಕುತ್ತಿಗೆ ತಣ್ಣಗಿತ್ತು. ಎಷ್ಟೋ ತಿಂಗಳ ಮೇಲೆ ಚೀಲದಲ್ಲಿ ಮೂತ್ರ ಇಳಿದಿತ್ತು. ನರ್ಸ್ ನಗುತ್ತ ಅದನ್ನು ತೋರಿಸಿದಳು. ಹುಲಿಗೆವ್ವ ಅದನ್ನು ನೋಡದೆ ಮಗಳನ್ನು ಕರೆಸಲು ಹೇಳಿದಳು. ಐಶು ಒಳಗೆ ಬಂದು ಮಂಚದ ತುದಿಯಲ್ಲಿ ನಿಂತಳು.

"ಐಶು," ಎಂದಳು ಹುಲಿಗೆವ್ವ. "ನಿಮ್ಮಪ್ಪ ಹೋದ್ನವ್ವಾ."

ಅಂದು ಸಾಯಂಕಾಲದೊಳಗೆ ಊರಿನಿಂದ ಟೆಂಪೋದಲ್ಲಿ ಜನ ಬಂದರು. ಆಸ್ಪತ್ರೆಯ ವರಾಂಡದಲ್ಲಿ ಹೆಂಗಸರು ಸುತ್ತುಗಟ್ಟಿ ಕೂತು ಹಾಡಿಕೊಂಡು ಅತ್ತರು. ಯಂಕೋಬನ ರಟ್ಟೆಯ ಬಲ, ಅವನ ನಗು, ಅವನು ಕುಡಿಸಿದ ನೀರು, ಎಲ್ಲವನ್ನೂ ಒಂದೊಂದಾಗಿ ಹೇಳಿ ಅತ್ತರು. ಇನ್ನೂ ಔಷಧ ಸಿಗದ ನಾಲ್ಕು ಮಂದಿ ಗೋಡೆಯ ಬುಡದಲ್ಲಿ ಸಾಲಾಗಿ ಕೂತು ಬೆರಗಿನಿಂದ ನೋಡುತ್ತಿದ್ದರು. ಅವರ ಪಾಲಿಗೆ ಅವನಿನ್ನೂ ಕಲ್ಲು ಎತ್ತುತ್ತಿದ್ದ. ಕಾವಲುಗಾರ ಬಂದು ಗದ್ದಲ ಬೇಡವೆಂದಾಗ ಡಾ. ಸವದಿ ಅವನನ್ನು ತಡೆದರು.

"ಇವತ್ತ ಸತ್ತಾನ್ರಿ. ಅಳ್ಲಿ ಬಿಡ್ರಿ."

ಆಮೇಲೆ ಐಶುವಿನ ಸರದಿ ಬಂತು. ಅವಳ ಕಿಡ್ನಿ ಇನ್ನೂ ಅಷ್ಟು ಕೆಟ್ಟಿರಲಿಲ್ಲ. ಅಪಾಯ ಕಡಿಮೆ, ಬೇಗ ಮುಗಿಯುತ್ತದೆ ಎಂದು ಸವದಿ ಧೈರ್ಯ ಹೇಳಿದರು. ಹುಡುಗಿ ತಾನೇ ಮಂಚ ಹತ್ತಿ ಮಲಗಿದಳು. ಹುಲಿಗೆವ್ವ ಹೊರಗಿನ ಬೆಂಚಿನ ಮೇಲೆ, ಕಿಟಕಿಯ ಬೆಳಕು ಮೈಮೇಲೆ ಬೀಳುವಲ್ಲಿ ಕೂತಿದ್ದಳು.

"ಅಕ್ಕಾ," ಎಂದು ಐಶು ಪಿಸುಗುಟ್ಟಿದಳು, "ನಮ್ಮಪ್ಪನ ದನಿ ನಾ ಕೇಳೇ ಇಲ್ರಿ. ನನಗೂ ಕೇಳತೈತೇನ್ರಿ?"

"ನೀ ಆವಾಗ ಹೊಟ್ಟಿಯಾಗಿದ್ದೆಲ್ಲವ್ವಾ," ಎಂದಳು ಕಸ್ತೂರಿ. ಇಲ್ಲವೆನ್ನಲು ಅವಳಿಗೆ ಬಾಯಿ ಬರಲಿಲ್ಲ.

ಹನಿ ಶುರುವಾಯಿತು. ಪರದೆಯಲ್ಲಿ ಚುಕ್ಕಿಗಳು ಒಂದೊಂದಾಗಿ ಮಧ್ಯಾಹ್ನ ಬಿಟ್ಟು ಸರಿಯತೊಡಗಿದವು. ಎಲ್ಲವೂ ಸರಾಗವಾಗಿತ್ತು. ನಾಡಿ, ಉಸಿರು, ನೀರು ಯಾವುದರಲ್ಲೂ ತೊಡಕಿರಲಿಲ್ಲ. ಹುಡುಗಿಯ ಮುಖ ಮಾತ್ರ ಒಮ್ಮೆಲೆ ಬದಲಾಯಿತು. ಗೋಡೆಯಾಚೆ ಯಾರೋ ಕರೆದದ್ದನ್ನು ಆಲಿಸುವವಳ ಹಾಗೆ ಕತ್ತು ಪಕ್ಕಕ್ಕೆ ವಾಲಿಸಿದಳು.

"ಏನಾತವ್ವಾ?" ಎಂದಳು ಕಸ್ತೂರಿ.

ಐಶು ಕಣ್ಣು ತೆರೆಯದೆ ತುಟಿಯ ಮೇಲೆ ಬೆರಳಿಟ್ಟುಕೊಂಡಳು.

"ಸುಮ್ನಿರ್ರಿ ಅಕ್ಕಾ. ಮಾತಾಡಾಕತ್ತಾನ."

"ಎಲ್ಲಾ ಸರಿಯೈತಿ," ಎಂದು ಮೈಕಿನಲ್ಲಿ ಸವದಿಯವರ ದನಿ ಬಂತು. "ಇನ್ನ ಜಲ್ದಿ ಬಿಟ್ರೂ ಅಡ್ಡಿಯಿಲ್ಲ, ಕಸ್ತೂರಿ. ಹನಿ ಹೆಚ್ಚು ಮಾಡ್ರಿ."

ಕಸ್ತೂರಿ ತಿರುಪಿನ ಮೇಲಿದ್ದ ಬೆರಳನ್ನು ಅಲ್ಲಾಡಿಸಲಿಲ್ಲ. ಹನಿ ತನ್ನ ಪಾಡಿಗೆ ಒಂದೊಂದಾಗಿ ಬೀಳುತ್ತಿತ್ತು. ಹುಡುಗಿ ಕೇಳುತ್ತ ಮಲಗಿದ್ದಳು.